ಪಿಟ್‌ಕೇರ್ನ್ ದ್ವೀಪದ ಶಾಲೆ: ಮೊದಲ ದಿನ ಯಾವುದು?

ಆರು ವರ್ಷ ತುಂಬಿದ ಮಗುವನ್ನು ಶಾಲೆಗೆ ಸೇರಿಸಬೇಕು. ಸೇರುವ ಹೊತ್ತಿಗೆ ಅದಕ್ಕೆ ಅಕ್ಷರಮಾಲೆ ಬಾಯಿಪಾಠ ಬರುತ್ತಿರಬೇಕು. ಹದಿನಾರು ತುಂಬುವವರೆಗೆ ಅದು ಶಾಲೆಗೆ ಹೋಗಬೇಕು. ತಲೆಗೆ ತಿಂಗಳಿಗೆ ಒಂದು ಶಿಲ್ಲಿಂಗ್ ಫೀಸನ್ನು ತಂದೆತಾಯಿ ಕೊಡಬೇಕು. ಮಗು ಬಂದರೂ ಕೊಡಬೇಕು, ಬಾರದಿದ್ದರೂ ಕೊಡಬೇಕು. ದಕ್ಷಿಣ ಶಾಂತಸಾಗರದ ನಡುವಿನ ಪಿಟ್‌ಕೇರ್ನ್ ಎಂಬ ಪುಟ್ಟ ದ್ವೀಪದ ಜನ ಹತ್ತೊಂಬತ್ತನೆಯ ಶತಮಾನದ ನಡುಗಾಲಕ್ಕೂ ಮೊದಲೇ ತಮಗೆ ತಾವೇ ವಿಧಿಸಿಕೊಂಡ ಕಟ್ಟಳೆ ಇದು. ಆಗ ಅಲ್ಲಿದ್ದವರು ಸುಮಾರು ನೂರು ಜನ. ಇಂಗ್ಲೆಂಡಿನಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವುದು ಕಡ್ಡಾಯವಾದದ್ದು 1880ರಲ್ಲಿ. ನಮ್ಮ ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ದಾರಿ ಮಾಡಿಕೊಟ್ಟ ಪ್ರಾಥಮಿಕ ಶಿಕ್ಷಣ ಕಾಯಿದೆ ಬಂದದ್ದು 1913ರಲ್ಲಿ. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕೆಂದು ಸಾರಿದ ನಮ್ಮ ದೇಶದ ಕಾನೂನು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು.

ಶಾಲೆಯೊಂದರ ಚರಿತ್ರೆ ಬರೆಯಲು ಕೂತವರು ಮೊದಲು ಹುಡುಕುವುದು ಸ್ಥಾಪನೆಯ ದಿನವನ್ನು. ಅಡಿಗಲ್ಲು ಯಾವಾಗ, ಉದ್ಘಾಟನೆ ಯಾರಿಂದ, ಮೊದಲ ದಿನ ಎಷ್ಟು ಮಕ್ಕಳು ಎಂಬ ವಿವರಗಳು ಸಿಕ್ಕಿದರೆ ಅರ್ಧ ಲೇಖನ ಮುಗಿದಂತೆ. ಪಿಟ್‌ಕೇರ್ನ್ ಶಾಲೆಯ ಚರಿತ್ರೆಯಲ್ಲಿ ಹಾಗೆ ಬೆರಳಿಟ್ಟು ತೋರಿಸಬಹುದಾದ ಒಂದು ದಿನ ಇಲ್ಲ. ಅಲ್ಲಿ ಶಾಲೆ ಒಂದಲ್ಲ, ನಾಲ್ಕೈದು ಸಲ ಶುರುವಾಯಿತು. ಪ್ರತಿಸಲವೂ ಮೊದಲು ಬಂದದ್ದು ಕಲಿಯಬೇಕೆಂಬ ಆಸೆ, ಆಮೇಲೆ ಕಲಿಸುವವರು, ಎಲ್ಲಕ್ಕೂ ಕೊನೆಗೆ ಕಟ್ಟಡ. ಆ ಕ್ರಮವೇ ನನಗೆ ಮುಖ್ಯವಾಗಿ ಕಂಡಿದೆ. ಅದಕ್ಕಾಗಿಯೇ ಈ ಬರಹ.

ದ್ವೀಪ ಎಷ್ಟು ದೊಡ್ಡದು? ಉದ್ದ ಮೂರು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು, ಅಗಲ ಅದರ ಅರ್ಧ. ಸಮುದ್ರದಿಂದ ನೆಟ್ಟಗೆ ಎದ್ದ ಬಂಡೆ, ಮೇಲೆ ಕೆಂಪು ಮಣ್ಣು. ನ್ಯೂಜಿಲೆಂಡಿಗೆ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ವಿಮಾನ ಇಳಿಯುವ ಜಾಗ ಇಂದಿಗೂ ಇಲ್ಲ. ಹಡಗು ದೂರದಲ್ಲೇ ನಿಲ್ಲಬೇಕು, ದ್ವೀಪದವರು ಉದ್ದ ದೋಣಿಗಳಲ್ಲಿ ಹೋಗಿ ಜನರನ್ನೂ ಸಾಮಾನನ್ನೂ ಇಳಿಸಿಕೊಂಡು ಅಲೆಯ ಲೆಕ್ಕ ನೋಡಿ ದಡಕ್ಕೆ ನುಗ್ಗಬೇಕು. ದಡದಿಂದ ಊರಿಗೆ ಹತ್ತುವ ಏರಿಗೆ ಅಲ್ಲಿಯವರು ಇಟ್ಟ ಹೆಸರಿನ ಅರ್ಥ ಕಷ್ಟದ ಗುಡ್ಡ ಎಂದು. ಕೃಷ್ಣೆ ಉಕ್ಕಿದಾಗ ರಾಯಚೂರು ಕಡೆಯ ನಡುಗಡ್ಡೆಗಳಿಗೆ ಹರಿಗೋಲಿನಲ್ಲಿ ದಾಟುವ ಪಾಡನ್ನು ಬಲ್ಲವರಿಗೆ ಇದರ ಕಾಲುಭಾಗ ಅರ್ಥವಾದೀತು. ಉಳಿದ ಮುಕ್ಕಾಲು ಭಾಗ ಶಾಂತಸಾಗರದ್ದು.

ದ್ವೀಪಕ್ಕೆ ಜನ ಬಂದ ಕಥೆ ಜಗತ್ತಿಗೆಲ್ಲ ಗೊತ್ತು. 1789ರ ಏಪ್ರಿಲ್ 28ರಂದು ಬೌಂಟಿ ಎಂಬ ಬ್ರಿಟಿಷ್ ನೌಕಾಪಡೆಯ ಹಡಗಿನಲ್ಲಿ ಫ್ಲೆಚರ್ ಕ್ರಿಶ್ಚಿಯನ್ ಎಂಬಾತನ ಮುಂದಾಳತ್ವದಲ್ಲಿ ದಂಗೆಯಾಯಿತು. ಕಪ್ತಾನ ವಿಲಿಯಂ ಬ್ಲೈನನ್ನು ಸಣ್ಣ ದೋಣಿಯೊಂದರಲ್ಲಿ ಕಡಲಿಗೆ ಬಿಟ್ಟರು. ದಂಗೆಯೆದ್ದವರಲ್ಲಿ ಒಂಬತ್ತು ಮಂದಿ 1790ರ ಜನವರಿಯಲ್ಲಿ ಈ ದ್ವೀಪವನ್ನು ಹುಡುಕಿಕೊಂಡು ಬಂದರು. ಜೊತೆಗೆ ಆರು ಮಂದಿ ಪಾಲಿನೇಷ್ಯನ್ ಗಂಡಸರು, ತಾಹಿತಿ ಕಡೆಯ ಹನ್ನೊಂದು-ಹನ್ನೆರಡು ಮಂದಿ ಹೆಂಗಸರು, ಒಂದು ಹೆಣ್ಣು ಕೂಸು. ಸಿಕ್ಕಿಬಿದ್ದರೆ ಗಲ್ಲು ಖಂಡಿತ. ಕಂಡವರ ಕಣ್ಣಿಗೆ ಬೀಳದಿರಲೆಂದು ಹಡಗಿಗೇ ಬೆಂಕಿ ಇಟ್ಟರು. ನಕ್ಷೆಯಲ್ಲಿ ದ್ವೀಪದ ಜಾಗವನ್ನು ತಪ್ಪಾಗಿ ಗುರುತಿಸಿದ್ದದ್ದು ಅವರಿಗೆ ಅನುಕೂಲವಾಯಿತು. ಹದಿನೆಂಟು ವರ್ಷ ಹೊರಗಿನ ಯಾರೂ ಅವರನ್ನು ಕಾಣಲಿಲ್ಲ.

ಆ ವರ್ಷಗಳ ಕಥೆ ಕರಾಳ. ಭೂಮಿಯಲ್ಲಿ ಪಾಲು ಕೊಡದೆ ಪಾಲಿನೇಷ್ಯನ್ ಗಂಡಸರನ್ನು ಆಳುಗಳಂತೆ ನಡೆಸಿಕೊಂಡರು. ಹೆಂಗಸರನ್ನು ಸೊತ್ತಿನಂತೆ ಹಂಚಿಕೊಂಡರು. 1793ರಲ್ಲಿ ಅದು ಕೊಲೆಗಳಲ್ಲಿ ಸ್ಫೋಟಿಸಿತು. ಕ್ರಿಶ್ಚಿಯನ್ ಸತ್ತ, ಇನ್ನೂ ಹಲವರು ಸತ್ತರು, ಪಾಲಿನೇಷ್ಯನ್ ಗಂಡಸರಲ್ಲಿ ಒಬ್ಬರೂ ಉಳಿಯಲಿಲ್ಲ. ಮೆಕಾಯ್ ಎಂಬಾತ ಗೆಡ್ಡೆಯಿಂದ ಹೆಂಡ ಭಟ್ಟಿ ಇಳಿಸಲು ಕಲಿತ. ಅದೇ ಅವನನ್ನು ತಿಂದಿತು. ಕ್ವಿಂಟಲ್ ಎಂಬಾತನ ಉಪಟಳ ತಡೆಯಲಾರದೆ ಉಳಿದಿಬ್ಬರು ಸೇರಿ ಕೊಡಲಿಯಿಂದ ಮುಗಿಸಿದರು. ಆ ಉಳಿದಿಬ್ಬರು ಎಡ್ವರ್ಡ್ ಯಂಗ್ ಮತ್ತು ಜಾನ್ ಆಡಮ್ಸ್.

ಇಲ್ಲಿಂದ ಶಾಲೆಯ ಕಥೆ.

ಆಡಮ್ಸ್ ಲಂಡನ್ನಿನ ಅನಾಥ ಹುಡುಗ, ಬಡವರ ಆಶ್ರಯದಲ್ಲಿ ಬೆಳೆದು ಖಲಾಸಿಯಾದವನು. ಓದು ಅಷ್ಟಕ್ಕಷ್ಟೆ. ಯಂಗ್ ಓದಿದ ಮನೆತನದವನು, ನೌಕಾಪಡೆಯಲ್ಲಿ ಅಧಿಕಾರಿಯಾಗಲು ತರಬೇತಿಯಲ್ಲಿದ್ದವನು, ಉಬ್ಬಸದ ರೋಗಿ. ಕ್ವಿಂಟಲ್ ಸತ್ತ ಮೇಲೆ ದ್ವೀಪದಲ್ಲಿ ಒಂದು ಬಗೆಯ ಮೌನ ಕವಿದಿರಬೇಕು. ಆ ಮೌನದಲ್ಲಿ ಯಂಗ್ ಆಡಮ್ಸನಿಗೆ ಓದಲು ಕಲಿಸಿದ. ಪಠ್ಯಪುಸ್ತಕ ಎಂದರೆ ಬೌಂಟಿ ಹಡಗಿನಿಂದ ಇಳಿಸಿಕೊಂಡಿದ್ದ ಬೈಬಲ್ ಮತ್ತು ಒಂದು ಪ್ರಾರ್ಥನಾ ಪುಸ್ತಕ. 1800ರಲ್ಲಿ ಯಂಗ್ ತೀರಿಕೊಂಡ. ಉಳಿದವರು ಒಬ್ಬ ಗಂಡಸು, ಹತ್ತರಷ್ಟು ಹೆಂಗಸರು, ಇಪ್ಪತ್ತಕ್ಕೂ ಹೆಚ್ಚು ಮಕ್ಕಳು. ತಾನು ಮೊನ್ನೆಮೊನ್ನೆ ಕೂಡಿಸಿ ಓದಲು ಕಲಿತದ್ದನ್ನು ಆಡಮ್ಸ್ ಆ ಮಕ್ಕಳಿಗೆ ಹೇಳಿಕೊಡಲು ಕೂತ. ಅವನು ಮುಂದೆ ತನ್ನ ಬದುಕಿನ ಬಗ್ಗೆ ಬರೆಯಲು ಯತ್ನಿಸಿದ ಕೆಲವೇ ಸಾಲುಗಳು ಉಳಿದಿವೆ. ತಂದೆ ಥೇಮ್ಸ್ ನದಿಯಲ್ಲಿ ಮುಳುಗಿ ಸತ್ತದ್ದನ್ನೂ ತಾವು ಅನಾಥರಾದದ್ದನ್ನೂ ಅಲ್ಲಿ ಹೇಳುತ್ತಾನೆ. ಹೆಜ್ಜೆಗೊಂದು ಕಾಗುಣಿತದ ತಪ್ಪು. ಇಷ್ಟೇ ಬಂಡವಾಳದ ಮೇಷ್ಟ್ರು ಅವನು.

ಈ ಮೊದಲ ತರಗತಿ ಯಾವ ದಿನ ಕೂತಿತು, ಯಾವ ಮರದ ಕೆಳಗೆ, ಮೊದಲು ತಿದ್ದಿಸಿದ ಅಕ್ಷರ ಯಾವುದು ಎಂಬುದನ್ನು ಯಾರೂ ಬರೆದಿಡಲಿಲ್ಲ. ಬರೆಯಬಲ್ಲವನು ಇದ್ದದ್ದೇ ಒಬ್ಬ, ಅವನಿಗೂ ಬರವಣಿಗೆ ಭಾರ. ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬನ ಹೆಸರು ಮಾತ್ರ ಲೋಕಪ್ರಸಿದ್ಧ: ಫ್ಲೆಚರನ ಮಗ ಥರ್ಸ್‌ಡೇ ಅಕ್ಟೋಬರ್ ಕ್ರಿಶ್ಚಿಯನ್, ದ್ವೀಪದಲ್ಲಿ ಹುಟ್ಟಿದ ಮೊದಲ ಮಗು. ಹುಟ್ಟಿದ ವಾರ, ಹುಟ್ಟಿದ ತಿಂಗಳು ಎರಡನ್ನೂ ಸೇರಿಸಿ ಇಟ್ಟ ಹೆಸರದು.

ಆಡಮ್ಸನ ಹೆಸರನ್ನು ಎಲ್ಲರೂ ಹೇಳುತ್ತಾರೆ. ಆ ಹತ್ತು ಮಂದಿ ತಾಯಂದಿರನ್ನು ಮೊದಲ ಗುರುಗಳೆಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಅನ್ಯಾಯ ಎಂದು ಈ ಬರಹದಲ್ಲಾದರೂ ಹೇಳಿಬಿಡಬೇಕು. ಗೆಣಸು ಯಾವಾಗ ನೆಡಬೇಕು, ಮರದ ತೊಗಟೆಯನ್ನು ಬಡಿದು ಬಟ್ಟೆ ಹೇಗೆ ಮಾಡಬೇಕು, ನೆಲ ತೋಡಿ ಕಾದ ಕಲ್ಲಿನ ಮೇಲೆ ಅಡುಗೆ ಹೇಗೆ ಬೇಯಿಸಬೇಕು ಎಂಬುದನ್ನೆಲ್ಲ ಮಕ್ಕಳು ಕಲಿತದ್ದು ಅವರಿಂದ. ದ್ವೀಪದವರು ಇಂದಿಗೂ ಆಡುವ ಪಿಟ್ಕೆರ್ನ್ ಭಾಷೆಯಲ್ಲಿ ಹದಿನೆಂಟನೆಯ ಶತಮಾನದ ಖಲಾಸಿಗಳ ಇಂಗ್ಲಿಷಿಗೆ ತಾಹಿತಿಯ ನುಡಿ ಬೆರೆತಿದೆ. ಆ ಬೆರಕೆಯಲ್ಲಿ ತಾಯಂದಿರ ಪಾಲು ಎದ್ದು ಕಾಣುತ್ತದೆ. ತಾಹಿತಿಯಿಂದ ಬಂದ ಹೆಂಗಸರಲ್ಲಿ ಒಬ್ಬಳು, ಇಂಗ್ಲಿಷರು ಜೆನ್ನಿ ಎಂದು ಕರೆದವಳು, 1817ರಲ್ಲಿ ಹಡಗೊಂದನ್ನು ಹತ್ತಿ ದ್ವೀಪ ಬಿಟ್ಟು ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಅವಳು ಹೇಳಿದ್ದು ಅಚ್ಚಾಗಿರದಿದ್ದರೆ ಆ ಮೊದಲ ವರ್ಷಗಳ ಬಗ್ಗೆ ನಾವು ಆಡಮ್ಸನ ಮಾತೊಂದನ್ನೇ ನಂಬಿಕೊಂಡು ಕೂರಬೇಕಿತ್ತು.

1808ರ ಫೆಬ್ರವರಿಯಲ್ಲಿ ಅಮೆರಿಕದ ಟೋಪಾಜ್ ಎಂಬ ಹಡಗು ಅಕಸ್ಮಾತ್ತಾಗಿ ಅತ್ತ ಬಂತು. ದೋಣಿಯಲ್ಲಿ ಬಂದ ಕಂದುಮೈಯ ಹುಡುಗರು ಕಪ್ತಾನ ಮೇಹ್ಯೂ ಫೋಲ್ಗರನನ್ನು ಇಂಗ್ಲಿಷಿನಲ್ಲಿ ಮಾತನಾಡಿಸಿದಾಗ ಆತ ಬೆಚ್ಚಿದ. ಆರು ವರ್ಷದ ಮೇಲೆ, 1814ರಲ್ಲಿ, ಬ್ರಿಟನ್ ಮತ್ತು ಟೇಗಸ್ ಎಂಬ ಎರಡು ಬ್ರಿಟಿಷ್ ಯುದ್ಧನೌಕೆಗಳು ಬಂದವು. ಹಡಗನ್ನು ಹತ್ತಿದ ಯುವಕರಿಗೆ ಊಟ ಬಡಿಸಿದರೆ ಅವರು ಕೈ ಜೋಡಿಸಿ ಪ್ರಾರ್ಥನೆ ಹೇಳಿ ಆಮೇಲೆ ತಿಂದರು. ಆಡಮ್ಸನನ್ನು ಹಿಡಿದೊಯ್ದು ಗಲ್ಲಿಗೇರಿಸುವುದು ಕಪ್ತಾನರ ಕೈಯಲ್ಲಿತ್ತು. ಅವರು ಹಾಗೆ ಮಾಡದೆ ಹೊರಟುಹೋದರು. ಆ ಮಕ್ಕಳಿಗೆ ಇನ್ನಾರು ದಿಕ್ಕು ಎಂಬ ಪ್ರಶ್ನೆ ಅವರ ಕಣ್ಣೆದುರಿಗೇ ಇತ್ತು. ಮೇಷ್ಟ್ರ ಜೀವ ಉಳಿಯಲು ಶಿಷ್ಯರೇ ಕಾರಣರಾದರು ಎಂದು ನಾನು ಓದಿಕೊಳ್ಳುತ್ತೇನೆ.

ಆಡಮ್ಸನಿಗೆ ವಯಸ್ಸಾಗುತ್ತ ಬಂತು. ಮಕ್ಕಳಿಗೆ ಮಕ್ಕಳಾದವು. ತನಗೆ ಗೊತ್ತಿದ್ದದ್ದು ಮುಗಿಯಿತು ಎಂಬುದು ಅವನಿಗೆ ಗೊತ್ತಿತ್ತು. 1823ರ ಡಿಸೆಂಬರಿನಲ್ಲಿ ಸೈರಸ್ ಎಂಬ ತಿಮಿಂಗಿಲ ಬೇಟೆಯ ಹಡಗು ಬಂದಾಗ ದ್ವೀಪದವರು ಕಪ್ತಾನನ ಮುಂದೆ ಒಂದು ಬೇಡಿಕೆ ಇಟ್ಟರು: ನಮ್ಮ ಮಕ್ಕಳಿಗೆ ಓದುಬರಹ ಕಲಿಸಲು ನಿಮ್ಮವರಲ್ಲಿ ಯಾರಾದರೂ ಇಲ್ಲಿ ಉಳಿಯುತ್ತಾರೆಯೇ? ಆ ಕಾಲದಲ್ಲಿ ದ್ವೀಪಗಳ ಜನ ಹಡಗಿನವರನ್ನು ಕೇಳುತ್ತಿದ್ದದ್ದು ಕಬ್ಬಿಣ, ಬಟ್ಟೆ, ಮದ್ದುಗುಂಡು. ಇವರು ಒಬ್ಬ ಮೇಷ್ಟ್ರನ್ನು ಕೇಳಿದರು. ಬ್ರಿಸ್ಟಲ್ಲಿನ ಜಾನ್ ಬಫೆಟ್ ಎಂಬ ಇಪ್ಪತ್ತಾರರ ಯುವಕ ನಾನು ಉಳಿಯುತ್ತೇನೆ ಎಂದ. ಅವನ ಗೆಳೆಯ ಜಾನ್ ಇವಾನ್ಸ್ ಅನುಮತಿಯಿಲ್ಲದೆ ಹಡಗಿನಿಂದ ಇಳಿದು, ಅದು ಕಣ್ಮರೆಯಾಗುವವರೆಗೆ ಕಾಡಿನಲ್ಲಿ ಅಡಗಿಕೊಂಡ. ಇಬ್ಬರೂ ದ್ವೀಪದ ಹೆಣ್ಣುಗಳನ್ನು ಮದುವೆಯಾಗಿ ಅಲ್ಲಿಯವರೇ ಆದರು. ಆಗಂತುಕರು ದ್ವೀಪದಲ್ಲಿ ನೆಲೆಸಿದ್ದು ಅದೇ ಮೊದಲು.

ಪಿಟ್‌ಕೇರ್ನ್ ಶಾಲೆಗೆ ಒಂದು ಸ್ಥಾಪನೆಯ ದಿನ ಬೇಕೇಬೇಕೆಂದು ಯಾರಾದರೂ ಹಟ ಹಿಡಿದರೆ ನಾನು ತೋರಿಸುವುದು ಬಫೆಟ್ ದೋಣಿಯಿಂದ ಇಳಿದ ಈ ದಿನವನ್ನು. ಸರ್ಕಾರ ಕೊಟ್ಟ ಶಾಲೆ ಅದಲ್ಲ, ಮಿಷನ್ ಸಂಘ ಕಳಿಸಿದ ಉಪದೇಶಿಯೂ ಅವನಲ್ಲ. ಊರೇ ಕೇಳಿ ಪಡೆದ ಮೇಷ್ಟ್ರು. 1825ರ ಕೊನೆಯಲ್ಲಿ ಬ್ಲಾಸಮ್ ಹಡಗಿನ ಕಪ್ತಾನ ಬೀಚಿ ಬಂದಾಗ ದ್ವೀಪದ ಜನಸಂಖ್ಯೆ 66.

1828ರಲ್ಲಿ ಜಾರ್ಜ್ ಹನ್ ನಾಬ್ಸ್ ಎಂಬ ಇನ್ನೊಬ್ಬ ಬಂದ. ಪೆರುವಿನ ಕಲ್ಲಾವೋ ಬಂದರಿನಿಂದ ಹದಿನೆಂಟು ಟನ್ನಿನ ಪುಟ್ಟ ಹಾಯಿದೋಣಿಯಲ್ಲಿ ಒಬ್ಬನೇ ಸಂಗಾತಿಯೊಂದಿಗೆ ಅಷ್ಟು ದೊಡ್ಡ ಕಡಲನ್ನು ದಾಟಿ ಬಂದವನು. ಬಫೆಟ್‌ಗಿಂತ ಹೆಚ್ಚು ಓದಿದವನು. ಮಕ್ಕಳು ಮೆಲ್ಲನೆ ಅವನ ಕಡೆ ಸರಿದರು, ಬಫೆಟ್‌ಗೆ ನೋವಾಯಿತು. ಅರವತ್ತು-ಎಪ್ಪತ್ತು ಜನರ ಊರಿನಲ್ಲಿ ಮೇಷ್ಟ್ರುಗಳಿಬ್ಬರ ಪೈಪೋಟಿ ಎಂದರೆ ಮನೆಮನೆಗೂ ಮುಟ್ಟುವ ಸಂಗತಿ. 1829ರ ಮಾರ್ಚಿನಲ್ಲಿ ಆಡಮ್ಸ್ ಕಣ್ಣುಮುಚ್ಚಿದ.

ಮುಂದಿನ ಹತ್ತು ವರ್ಷಗಳು ಶಾಲೆಗೂ ಊರಿಗೂ ಕೆಟ್ಟವು. ನೀರು ಸಾಲದೆ ಹೋಗಬಹುದೆಂಬ ಭಯದಿಂದ 1831ರಲ್ಲಿ ಎಲ್ಲರನ್ನೂ ತಾಹಿತಿಗೆ ಸಾಗಿಸಿದರು. ಅಲ್ಲಿಯ ರೋಗಗಳಿಗೆ ಇವರ ಮೈಯಲ್ಲಿ ತಡೆಯುವ ಶಕ್ತಿ ಇರಲಿಲ್ಲ; ಕೆಲವೇ ತಿಂಗಳಲ್ಲಿ ಹನ್ನೆರಡಕ್ಕೂ ಹೆಚ್ಚು ಮಂದಿ ಸತ್ತರು. ಸತ್ತವರಲ್ಲಿ ಆ ಮೊದಲ ವಿದ್ಯಾರ್ಥಿ ಥರ್ಸ್‌ಡೇ ಅಕ್ಟೋಬರನೂ ಒಬ್ಬ. ಅದೇ ವರ್ಷ ಉಳಿದವರು ಮರಳಿ ಬಂದರು. 1832ರಲ್ಲಿ ಜೋಶುವಾ ಹಿಲ್ ಎಂಬ ಮುದುಕ ಬಂದು, ನನ್ನನ್ನು ಬ್ರಿಟಿಷ್ ಸರ್ಕಾರ ಕಳಿಸಿದೆ ಎಂದು ನಂಬಿಸಿ ಊರಿನ ಸರ್ವಾಧಿಕಾರಿಯಾದ. ನಾಬ್ಸ್, ಬಫೆಟ್, ಇವಾನ್ಸ್ ಮೂವರನ್ನೂ ದ್ವೀಪದಿಂದಲೇ ಓಡಿಸಿದ. ತನಗೆ ಇಂಗ್ಲೆಂಡಿನ ಬೆಡ್‌ಫರ್ಡ್ ಡ್ಯೂಕನ ಸಲಿಗೆ ಇದೆ ಎಂದು ಅವನು ಕೊಚ್ಚಿಕೊಳ್ಳುತ್ತಿದ್ದ. 1837ರಲ್ಲಿ ಬಂದ ಹಡಗಿನ ಕಪ್ತಾನ ಲಾರ್ಡ್ ಎಡ್ವರ್ಡ್ ರಸೆಲ್ ಆ ಡ್ಯೂಕನ ಮಗನೇ ಆಗಿದ್ದ. ಅಲ್ಲಿಗೆ ಹಿಲ್ಲನ ಬಣ್ಣ ಬಯಲಾಯಿತು. ಆ ಮೂವರೂ ಮರಳಿ ಬಂದರು.

ಮೋಸ ಹೋದ ಊರು ಪಾಠ ಕಲಿಯಿತು. ಇನ್ನು ಮುಂದೆ ಯಾರೋ ಬಂದು ನಮ್ಮನ್ನು ಆಳಬಾರದು, ಬರಹದಲ್ಲಿ ಕಾನೂನು ಇರಬೇಕು ಎಂದು ಅವರಿಗೆ ಅನ್ನಿಸಿತು. 1838ರ ನವೆಂಬರ್ ಕೊನೆಯಲ್ಲಿ ಫ್ಲೈ ಎಂಬ ಹಡಗಿನ ಕಪ್ತಾನ ರಸೆಲ್ ಎಲಿಯಟ್ ಬಂದಾಗ ಆತನ ನೆರವಿನಿಂದ ಒಂದು ಚಿಕ್ಕ ಸಂವಿಧಾನ ರೂಪಿಸಿಕೊಂಡರು. ಪ್ರತಿವರ್ಷ ಒಬ್ಬ ಮ್ಯಾಜಿಸ್ಟ್ರೇಟನ ಆಯ್ಕೆ. ದ್ವೀಪದಲ್ಲಿ ಹುಟ್ಟಿದ, ಹದಿನೆಂಟು ತುಂಬಿದ ಗಂಡು ಹೆಣ್ಣು ಎಲ್ಲರಿಗೂ ಮತ. ಹೆಂಗಸರಿಗೆ ಮತ ಎಂಬ ಮಾತೇ ಜಗತ್ತಿನ ಬಹುಪಾಲು ಕಡೆ ಯಾರ ತಲೆಗೂ ಹೊಳೆಯದಿದ್ದ ಕಾಲ ಅದು. ಆ ಸಂವಿಧಾನದ ಬೆನ್ನಿಗೆ ಬೆಳೆದ ಊರಿನ ಕಟ್ಟಳೆಗಳಲ್ಲಿ ಶಾಲೆಯ ಕಟ್ಟಳೆ ಒಂದು.

ಆ ಕಟ್ಟಳೆಯ ಫೀಸಿನ ಭಾಗವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ. ದ್ವೀಪದಲ್ಲಿ ಹಣದ ಚಲಾವಣೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಶಿಲ್ಲಿಂಗಿಗೆ ಬದಲಾಗಿ ಏನು ಕೊಡಬಹುದು ಎಂಬ ಪಟ್ಟಿಯೂ ಇತ್ತು. ಯಾಮ್ ಎಂಬ ಗೆಡ್ಡೆ ಒಂದು ಪೀಪಾಯಿಗೆ 8 ಶಿಲ್ಲಿಂಗ್, ಸಿಹಿಗೆಣಸು ಒಂದು ಪೀಪಾಯಿಗೆ 8, ಆಲೂಗೆಡ್ಡೆಗೆ 12, ಒಳ್ಳೆಯ ಬಾಳೆಗೊನೆ ಮೂರಕ್ಕೆ 4, ಒಂದು ದಿನದ ಕೂಲಿ 2 ಶಿಲ್ಲಿಂಗ್. ಲೆಕ್ಕ ಹಾಕಿ ನೋಡಿ. ಒಬ್ಬ ಮಗನ ಎರಡು ತಿಂಗಳ ವಿದ್ಯೆಗೆ ಅಪ್ಪನ ಒಂದು ದಿನದ ದುಡಿಮೆ. ಆರು ಮಕ್ಕಳಿದ್ದ ಮನೆಯಾದರೆ ತಿಂಗಳಿಗೆ ಮೂರು ದಿನದ ದುಡಿಮೆ. ಪಿಟ್‌ಕೇರ್ನಿನಲ್ಲಿ ಆರು ಮಕ್ಕಳ ಮನೆ ಅಪರೂಪವಲ್ಲ. ಒಂದು ಪೀಪಾಯಿ ಗೆಣಸು ಒಂದು ಮಗುವನ್ನು ಎಂಟು ತಿಂಗಳು ಓದಿಸುತ್ತಿತ್ತು. ನಮ್ಮ ಹಳ್ಳಿಗಳ ಕೂಲಿಮಠದ ಐಗಳಿಗೆ ಸೇರು ಬಳ್ಳ ಲೆಕ್ಕದಲ್ಲಿ ದವಸ ಅಳೆದು ಕೊಡುತ್ತಿದ್ದವರ ಮೊಮ್ಮಕ್ಕಳು ಇದನ್ನು ಓದುತ್ತಿದ್ದರೆ ಅವರಿಗೆ ವಿವರಿಸುವ ಅಗತ್ಯ ಇಲ್ಲ.

ಬಂದರೂ ಕೊಡು, ಬಾರದಿದ್ದರೂ ಕೊಡು ಎಂಬ ಮಾತಿನಲ್ಲಿ ಮೇಲ್ನೋಟಕ್ಕೆ ಕಾಣುವುದು ಬಿಗಿತನ. ನನಗೆ ಅದರಲ್ಲಿ ಜಾಣ್ಮೆ ಕಾಣುತ್ತದೆ. ಮಗುವನ್ನು ಮನೆಯಲ್ಲಿ ಉಳಿಸಿಕೊಂಡು ತೋಟದ ಕೆಲಸಕ್ಕೆ ಹಚ್ಚಿದರೆ ಉಳಿಯುವುದು ಏನೂ ಇಲ್ಲ, ಫೀಸು ಹೇಗೂ ತೆತ್ತಾಗಿದೆ; ಕಳಿಸಿದರೇ ಲಾಭ. ಮೇಷ್ಟ್ರಿಗೂ ಹಾಜರಾತಿಯ ಏರಿಳಿತದ ಮೇಲೆ ಹೊಟ್ಟೆಪಾಡು ನಿಲ್ಲುವುದಿಲ್ಲ. ಶಾಲೆಯ ಹೊತ್ತು ಬೆಳಗ್ಗೆ ಏಳರಿಂದ ಹತ್ತು, ಶನಿವಾರ ಭಾನುವಾರ ರಜೆ. ಹತ್ತು ಗಂಟೆಯ ಮೇಲೆ ಮಕ್ಕಳ ಕೈ ಮನೆಗೂ ತೋಟಕ್ಕೂ ಸಿಗುತ್ತಿತ್ತು. ಊರಿನ ಬದುಕನ್ನು ಬಲ್ಲವರು ಮಾತ್ರ ಇಂಥ ವೇಳಾಪಟ್ಟಿ ಬರೆಯಬಲ್ಲರು. ಮತ್ತೆ ಆ ಅಕ್ಷರಮಾಲೆಯ ಷರತ್ತು! ಶಾಲೆಯ ಮೊದಲ ದಿನಕ್ಕೆ ಮೊದಲೇ ಮನೆಯಲ್ಲಿ ಒಂದು ಮೊದಲ ದಿನ ಆಗಿರಲೇಬೇಕಿತ್ತು. ನಮ್ಮಲ್ಲಿ ವಿಜಯದಶಮಿಯಂದು ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಸುವಂತೆ ಅಲ್ಲಿ ಯಾವ ಶಾಸ್ತ್ರವೂ ಇರಲಿಲ್ಲ. ಆದರೂ ಅಮ್ಮನೋ ಅಜ್ಜಿಯೋ ಅಕ್ಕನೋ ಅಕ್ಷರ ಹೇಳಿಕೊಡದೆ ಯಾವ ಮಗುವೂ ಶಾಲೆಯ ಬಾಗಿಲು ತುಳಿಯುವಂತಿರಲಿಲ್ಲ. ಅಂದರೆ ಅಮ್ಮಂದಿರಿಗೂ ಅಕ್ಷರ ಬರುತ್ತಿತ್ತು. ಹೆಸರು ಬರೆಯಲು ತಿಣುಕುತ್ತಿದ್ದ ಒಬ್ಬ ಖಲಾಸಿಯಿಂದ ಶುರುವಾದದ್ದು ನಲವತ್ತು ವರ್ಷದೊಳಗೆ ಅಲ್ಲಿಗೆ ಬಂದು ಮುಟ್ಟಿತ್ತು.

ನಾಬ್ಸ್ ಈ ಶಾಲೆಯನ್ನೂ ಊರಿನ ಧರ್ಮಕಾರ್ಯವನ್ನೂ ದಶಕಗಳ ಕಾಲ ಹೊತ್ತ. ಓದು, ಬರಹ, ಲೆಕ್ಕ, ಬೈಬಲ್. ಅದೇ ಅಲ್ಲಿನ ಪಠ್ಯಕ್ರಮ. 1852ರಲ್ಲಿ ಅಡ್ಮಿರಲ್ ಮೋರ್ಸ್‌ಬಿ ಅವನನ್ನು ಇಂಗ್ಲೆಂಡಿಗೆ ಕಳಿಸಿದ; ಅಲ್ಲಿ ಅವನಿಗೆ ಪಾದ್ರಿ ದೀಕ್ಷೆಯಾಯಿತು, ವಿಕ್ಟೋರಿಯಾ ರಾಣಿಯ ಭೇಟಿಯೂ ಆಯಿತು. ಅವನು ಹಿಂದಿರುಗುವವರೆಗೆ ನೌಕಾಪಡೆಯ ಪಾದ್ರಿಯೊಬ್ಬರು ದ್ವೀಪದಲ್ಲಿ ಉಳಿದು ಅವನ ಕೆಲಸ ನೋಡಿಕೊಂಡರು.

1856ರಲ್ಲಿ ಶಾಲೆ ಮುಚ್ಚಿತು. ಊರಿಗೆ ಊರೇ, 194 ಜನ, ಮೋರೇಶೈರ್ ಎಂಬ ಹಡಗು ಹತ್ತಿ ನಾರ್ಫೋಕ್ ದ್ವೀಪಕ್ಕೆ ಹೊರಟುಹೋಯಿತು. ಜನ ಹೆಚ್ಚಿ ನೆಲ ಸಾಲದಾಗಿತ್ತು. ಹೋದವರೆಲ್ಲ ಅಲ್ಲಿ ನಿಲ್ಲಲಿಲ್ಲ. 1859ರಲ್ಲಿ ಹದಿನಾರು ಮಂದಿ, 1864ರಲ್ಲಿ ಇನ್ನೂ ಕೆಲವು ಕುಟುಂಬಗಳು ಮರಳಿದವು. ಎರಡನೆಯ ಗುಂಪಿನಲ್ಲಿ ಸೈಮನ್ ಯಂಗ್ ಇದ್ದರು. ಆಡಮ್ಸನಿಗೆ ಓದು ಕಲಿಸಿದ ಆ ಎಡ್ವರ್ಡ್ ಯಂಗನ ವಂಶದವರು. ಪಾಳುಬಿದ್ದ ಊರಿನಲ್ಲಿ ಮತ್ತೆ ಮಕ್ಕಳನ್ನು ಕೂರಿಸಿ ಪಾಠ ಶುರುಮಾಡಿದವರು ಅವರು. ಮಗಳು ರೋಸಲಿಂಡ್ ಅಮೇಲಿಯಾ ಯಂಗ್ ಹುಟ್ಟಿದ್ದು ಪಿಟ್‌ಕೇರ್ನಿನಲ್ಲಿ, 1853ರಲ್ಲಿ. ತಂದೆಯ ಜೊತೆಯಲ್ಲೇ ಮಕ್ಕಳಿಗೆ ಪಾಠ ಹೇಳುತ್ತ ಬೆಳೆದ ಆಕೆ ಬೌಂಟಿಯ ದಂಗೆಯಿಂದ ತನ್ನ ಕಾಲದವರೆಗಿನ ದ್ವೀಪದ ಚರಿತ್ರೆಯನ್ನು ಬರೆದರು; ಪುಸ್ತಕ 1894ರಲ್ಲಿ ಅಮೆರಿಕದಲ್ಲಿ ಅಚ್ಚಾಯಿತು. ಹೊರಗಿನವರು ಬಂದು ನೋಡಿ ಬರೆದ ಪುಸ್ತಕಗಳ ರಾಶಿಯ ನಡುವೆ ಇದು ದ್ವೀಪದ ಮಗಳೇ ಬರೆದದ್ದು. ಈ ಶಾಲೆಯ ಸಾಧನೆ ಏನು ಎಂದು ಕೇಳಿದವರಿಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ.

1886ರಿಂದ 1890ರೊಳಗೆ ದ್ವೀಪದವರು ಅಡ್ವೆಂಟಿಸ್ಟ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದರು. 1890ರ ದಶಕದಲ್ಲಿ ಹ್ಯಾಟಿ ಆಂಡ್ರೆ ಎಂಬ ಅಮೆರಿಕದ ಶಿಕ್ಷಕಿ ಬಂದು ಕೆಲವು ವರ್ಷ ಕಲಿಸಿ ಹೋದರು. ಆಮೇಲೆ ಶಾಲೆ ಊರಿನವರ ಕೈಯಲ್ಲೇ, ಇದ್ದವರು ಇದ್ದಂತೆ, ನಡೆದುಕೊಂಡು ಬಂತು. 1937ರಲ್ಲಿ ಜನಸಂಖ್ಯೆ 233ಕ್ಕೆ ಮುಟ್ಟಿತು. ಅಷ್ಟು ಜನ ಅಲ್ಲಿ ಹಿಂದೆಂದೂ ಇರಲಿಲ್ಲ, ಮುಂದೆಂದೂ ಆಗಲಿಲ್ಲ.

ಈಗಿನ ಶಾಲೆಗೆ ಮೂಲಧನ ಬಂದದ್ದು ಒಂದು ಅಪರೂಪದ ಕಡೆಯಿಂದ. 1940ರ ಅಕ್ಟೋಬರ್ 15ರಂದು ಪಿಟ್‌ಕೇರ್ನ್ ತನ್ನದೇ ಅಂಚೆಚೀಟಿಗಳನ್ನು ಹೊರತಂದಿತು. ಬೌಂಟಿಯ ಕಥೆಯ ಆಕರ್ಷಣೆಯಿಂದ ಜಗತ್ತಿನ ಸಂಗ್ರಾಹಕರು ಅವಕ್ಕೆ ಮುಗಿಬಿದ್ದರು. ಆ ಆದಾಯದಿಂದ ಶಾಲೆಯ ಕಟ್ಟಡಕ್ಕೂ ತರಬೇತಾದ ಶಿಕ್ಷಕರಿಗೂ ಹಣ ಒದಗಿತು. 1948ರಲ್ಲಿ ನ್ಯೂಜಿಲೆಂಡಿನಿಂದ ಆಲ್ಬರ್ಟ್ ಮೂವರ್ಲಿ ಬಂದರು. ದ್ವೀಪದ ಏಕೈಕ ಊರಾದ ಆಡಮ್ಸ್‌ಟೌನಿನಲ್ಲಿ, ಪೂಲಾವು ಎಂಬ ಜಾಗದಲ್ಲಿ ಹೊಸ ಶಾಲೆ ಎದ್ದಿತು. 1950ರಿಂದ ಮಕ್ಕಳು ಅಲ್ಲಿ ಕೂತರು. ಆ ಹೊತ್ತಿಗೆ ಇನ್ನೊಂದು ಸಂಗತಿಯೂ ನಡೆಯಿತು. ಆಡಮ್ಸ್ ಮಕ್ಕಳಿಗೆ ಓದು ಕಲಿಸಿದ ಆ ಬೌಂಟಿಯ ಬೈಬಲ್ 1839ರಲ್ಲಿ ದ್ವೀಪ ಬಿಟ್ಟು ಅಮೆರಿಕದ ಕನೆಕ್ಟಿಕಟ್ ಸೇರಿತ್ತು. ಅಲ್ಲಿಯ ಇತಿಹಾಸ ಸಂಘ ಅದನ್ನು ದುರಸ್ತಿ ಮಾಡಿಸಿ ಹಿಂದಿರುಗಿಸಿತು. ನೂರಾ ಹತ್ತು ವರ್ಷದ ಮೇಲೆ ಮೊದಲ ಪಠ್ಯಪುಸ್ತಕವೂ ಹೊಸ ಶಾಲೆಯೂ ಹೆಚ್ಚುಕಡಿಮೆ ಒಟ್ಟಿಗೇ ಊರಿಗೆ ಬಂದವು.

ಮೂವರ್ಲಿಯವರು ಪಾಠದ ಜೊತೆಗೆ ಮಕ್ಕಳ ಮಾತಿಗೂ ಕಿವಿಗೊಟ್ಟರು. ಅವರು ಸಂಗ್ರಹಿಸಿದ ಟಿಪ್ಪಣಿಗಳು ಭಾಷಾವಿದ್ವಾಂಸ ರಾಸ್ ಅವರ ಬರಹದೊಂದಿಗೆ ಸೇರಿ 1964ರಲ್ಲಿ ಪಿಟ್ಕೆರ್ನ್ ಭಾಷೆಯ ಮೇಲಿನ ಪುಸ್ತಕವಾಗಿ ಬಂದವು. ಮಕ್ಕಳ ಮನೆಮಾತನ್ನು ತಪ್ಪು ಇಂಗ್ಲಿಷ್ ಎಂದು ತಳ್ಳದೆ ಅದೂ ಒಂದು ಭಾಷೆ ಎಂದು ಕೇಳಿಸಿಕೊಂಡ ಮೇಷ್ಟ್ರು ಅವರು. ಆ ಭಾಷೆಯನ್ನು ಶಾಲೆಯೊಳಗೇ ಕಲಿಸಲು 1990ರ ದಶಕದವರೆಗೆ ಕಾಯಬೇಕಾಯಿತು.

ನ್ಯೂಜಿಲೆಂಡಿನಿಂದ ಬರುತ್ತಿದ್ದ ಶಿಕ್ಷಕರು ಕೇವಲ ಶಿಕ್ಷಕರಾಗಿರಲಿಲ್ಲ. ಅವರೇ ಸರ್ಕಾರದ ಸಲಹೆಗಾರರೂ ಆಗಿದ್ದರು. 1959ರಲ್ಲಿ ಟೆಡ್ ಡೈಮಂಡ್ ಎಂಬ ಶಿಕ್ಷಕರು ಶುರುಮಾಡಿದ ತಿಂಗಳ ಪತ್ರಿಕೆಯ ಸಂಪಾದಕತ್ವವೂ ಮೇಷ್ಟ್ರದೇ ಆಯಿತು. ಏಕೋಪಾಧ್ಯಾಯ ಶಾಲೆಗಳಲ್ಲಿ ದುಡಿದ ನಮ್ಮವರಿಗೆ ಇದು ಹೊಸತಲ್ಲ. ಗಂಟೆ ಬಾರಿಸುವುದರಿಂದ ಜನಗಣತಿಯವರೆಗೆ ಎಲ್ಲವೂ ಒಬ್ಬರದೇ ಹೆಗಲ ಮೇಲೆ. 1957ರ ಅಂಚೆಚೀಟಿಯೊಂದರಲ್ಲಿ ಪಿಟ್‌ಕೇರ್ನ್ ಶಾಲೆ ಎಂದು ಅಚ್ಚಾದ ಚಿತ್ರ ನಿಜಕ್ಕೂ ಶಿಕ್ಷಕರ ಮನೆಯದು. ಮರುವರ್ಷ ತಿದ್ದಿ ಮತ್ತೆ ಅಚ್ಚು ಹಾಕಿದರು. ತಪ್ಪೇನೋ ತಪ್ಪೇ. ಆದರೂ ಆ ಊರಿನಲ್ಲಿ ಶಾಲೆ ಎಂದರೆ ಎಂದಿಗೂ ಕಟ್ಟಡಕ್ಕಿಂತ ಮೊದಲು ಮೇಷ್ಟ್ರೇ ಆಗಿದ್ದರು ಎಂಬುದನ್ನು ನೆನೆದರೆ ಆ ತಪ್ಪು ಅಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಒಂದು ನೋವಿನ ಅಧ್ಯಾಯವನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. 2004ರಲ್ಲಿ ದ್ವೀಪದ ಏಳು ಗಂಡಸರ ಮೇಲೆ ಹೆಣ್ಣುಮಕ್ಕಳ ಲೈಂಗಿಕ ಶೋಷಣೆಯ ವಿಚಾರಣೆ ನಡೆದು ಆರು ಮಂದಿಗೆ ಶಿಕ್ಷೆಯಾಯಿತು. ಆರೋಪಗಳು ದಶಕಗಳಷ್ಟು ಹಿಂದಿನವರೆಗೂ ಹೋದವು. ಅಂದರೆ ಈ ಶಾಲೆಯ ಬೆಂಚುಗಳ ಮೇಲೆ ಕೂತಿದ್ದ ಹುಡುಗಿಯರಲ್ಲಿ ಕೆಲವರು ಯಾರಿಗೂ ಹೇಳಲಾಗದ ನೋವನ್ನು ಹೊತ್ತುಕೊಂಡು ಪಾಠ ಕೇಳುತ್ತಿದ್ದರು. ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ಪುಟ್ಟ ಊರಿನಲ್ಲಿ ಮಗುವಿನ ಮಾತನ್ನು ಕೇಳಿಸಿಕೊಳ್ಳಲು ಹೊರಗಿನ ಒಂದು ಕಿವಿ ಬೇಕು. ಆ ಹುಡುಗಿಯರ ಪಾಲಿಗೆ ಅದು ಇರಲಿಲ್ಲ. ಹಳೆಯ ವೈಭವ ಹೇಳುವಾಗ ಇದನ್ನು ಮುಚ್ಚಿಟ್ಟರೆ ಆ ಮಕ್ಕಳಿಗೆ ಎರಡನೆಯ ಸಲ ದ್ರೋಹ ಮಾಡಿದಂತೆ.

ಇಂದು ದ್ವೀಪದಲ್ಲಿ ಉಳಿದಿರುವವರು ಐವತ್ತಕ್ಕೂ ಕಡಿಮೆ ಜನ, ಬಹುಪಾಲು ವಯಸ್ಸಾದವರು. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಎಣಿಸಲು ಒಂದು ಕೈಯ ಬೆರಳು ಸಾಕಾದ ವರ್ಷಗಳು ಬಂದುಹೋಗಿವೆ. ಪ್ರಾಥಮಿಕ ಶಾಲೆ ಮುಗಿಸಿದ ಮಗು ಮುಂದಿನ ಓದಿಗೆ ಸಾಮಾನ್ಯವಾಗಿ ನ್ಯೂಜಿಲೆಂಡಿಗೆ ಹೋಗುತ್ತದೆ. ಉದ್ದ ದೋಣಿಯಲ್ಲಿ ಹಡಗಿಗೆ, ಹಡಗಿನಲ್ಲಿ ಮಂಗರೇವಾ ದ್ವೀಪಕ್ಕೆ, ಅಲ್ಲಿಂದ ವಿಮಾನದಲ್ಲಿ ತಾಹಿತಿಗೆ, ತಾಹಿತಿಯಿಂದ ಆಕ್ಲೆಂಡಿಗೆ. ಹೋದವರಲ್ಲಿ ನೆಲೆಸಲು ಮರಳಿ ಬರುವವರು ಕಡಿಮೆ. ಮೇಷ್ಟ್ರಿಗಾಗಿ ಹಡಗಿನವರನ್ನು ಬೇಡಿದ ಊರಿಗೆ ಈಗ ಬೇಕಾಗಿರುವುದು ಮಕ್ಕಳು.

ಈ ಬರಹವನ್ನು ಓದುತ್ತಿರುವವರಲ್ಲಿ ಒಂದು ವಿನಂತಿ. ಪಿಟ್‌ಕೇರ್ನಿನಲ್ಲಿ ಮೊದಲ ದಿನ ಯಾವ ಮಕ್ಕಳು ಕೂತಿದ್ದರು ಎಂಬುದು ಯಾರಿಗೂ ತಿಳಿಯದೆ ಹೋಯಿತು. ನಿಮ್ಮೂರಿನ ಶಾಲೆಯಲ್ಲಿ ಹಳೆಯ ದಾಖಲಾತಿ ಪುಸ್ತಕ ಇನ್ನೂ ಬೀರುವಿನಲ್ಲಿ ಇರಬಹುದು. ಗೆದ್ದಲು ಹಿಡಿಯುವ ಮೊದಲು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅದರ ಮೊದಲ ಪುಟದ ಫೋಟೋ ತೆಗೆದಿಡಿ. ಆ ಪುಟದಲ್ಲಿರುವವರಲ್ಲಿ ಯಾರಾದರೂ ಬದುಕಿದ್ದರೆ ಈ ವಾರವೇ ಹೋಗಿ ಅವರನ್ನು ಮಾತನಾಡಿಸಿ ಬರೆದುಕೊಳ್ಳಿ.